ಕ್ರಾನಿಕ್ ಅಂದರೆ

ಜೂನ್ ೯, ಸೋಮವಾರ

ಬೆಳಿಗ್ಗೆ ಹಲ್ಲಿನ ಸೆಟ್ಟು ಮಾಡುವ ನಮ್ಮ ಲ್ಯಾಬಿನಲ್ಲಿ ಒಂದು ಮೇಲ್ದವಡೆಗೆ ಮೇಣದ ಮೇಲೆ ಹಲ್ಲು ಕೂರಿಸುತ್ತಿದ್ದೆ. ಹಲ್ಲುಸಾಲಿನ ಕಮಾನು ಸರಿಯಾಗಿ ಬರುತ್ತಿರಲಿಲ್ಲ. ಮುಂದಿನ ಹಲ್ಲು ಕೂದಲೆಳೆಯಷ್ಟು ಹೊರಗೆ ಬಂದರೂ ಸಾಕು, ಹಾಕಿಕೊಂಡವರು ಸದಾ ಯಾರ ಮೇಲೋ ಸಿಡುಕುತ್ತಿರುವ ಹಾಗೆ ಕಾಣುತ್ತಾರೆ. ಮೇಣ ಕಾಯಿಸಿ ಮತ್ತೆ ಸರಿಸುವಷ್ಟರಲ್ಲಿ ಪುಟ್ಟಿಯ ಫೋನು ಬಂತು. ಅವಳು ಹೋಟೆಲಿನ ಕೌಂಟರಿನಲ್ಲಿ ನಿಲ್ಲುವವಳು, ಎಂಥ ಸುದ್ದಿಯನ್ನೂ ರೂಮು ಖಾಲಿ ಇಲ್ಲ ಎನ್ನುವ ಧಾಟಿಯಲ್ಲೇ ಹೇಳುತ್ತಾಳೆ. ಇವತ್ತು ಆ ಧಾಟಿ ಇರಲಿಲ್ಲ.

“ಚಿಕ್ಕಮ್ಮ, ಅಮ್ಮನ್ನ ಆಸ್ಪತ್ರೆಗೆ ಸೇರಿಸಿದೀನಿ. ಉಸಿರಾಟದ್ದು. ಡಾಕ್ಟರು ಕ್ರಾನಿಕ್ ಅಂದ್ರು.”

ಅಷ್ಟು ಹೇಳಿ ಅತ್ತಳು. ನಾನು “ಆಯ್ತು, ಬರ್ತೀನಿ” ಎಂದೆ. ಪುಟ್ಟಿಯ ಅಮ್ಮ ಎಂದರೆ ನನಗಿಂತ ಮೊದಲು ಅದೇ ಹೊಟ್ಟೆಯಲ್ಲಿ ಹುಟ್ಟಿದವಳು. ಹನ್ನೊಂದು ವರ್ಷದಿಂದ ನಾವಿಬ್ಬರೂ ಮಾತಾಡಿಲ್ಲ.

ಪಕ್ಕದ ಮೇಜಿನ ಪಾಲಿಶ್ ಕಿವಿ ನಿಮಿರಿಸಿಕೊಂಡಿದ್ದ. ಹಲ್ಲಿಗೆ ಹೊಳಪು ಕೊಡುವುದು ಅವನ ಕೆಲಸ, ಹೆಸರೂ ಹಾಗೇ ಅಂಟಿಕೊಂಡಿದೆ. “ಕ್ರಾನಿಕ್ಕಾ? ಅಯ್ಯೋ. ಹಾಗಂದ್ರೆ ಕೈ ಮೀರಿದೆ ಅಂತ ಮೇಡಂ. ನಮ್ಮ ಮಾವನಿಗೂ ಅದೇ ಅಂದಿದ್ರು. ಮಳೆಗಾಲ ದಾಟಲಿಲ್ಲ.”

ಅವನು ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮ ಲ್ಯಾಬಿನಲ್ಲಿ ಆ ಪದ ದಿನಾ ಬಾಯಲ್ಲಿರುವಂಥದ್ದು. ಅಳತೆಯ ಅಚ್ಚು ಪೂರಾ ಕೆಟ್ಟು ಬಂದರೆ “ಇದು ಕ್ರಾನಿಕ್ ಕೇಸು” ಎಂದು ಬದಿಗೆ ಸರಿಸುತ್ತೇವೆ. ನಮ್ಮವರು ಬಸ್ಸು ಓಡಿಸಿ ಮನೆಗೆ ಬಂದಾಗ “ಕ್ರಾನಿಕ್ ಟ್ರಾಫಿಕ್ಕು” ಎನ್ನುತ್ತಾರೆ. ಹಲ್ಲಿಗೂ ರಸ್ತೆಗೂ ಅಂಥದ್ದಾದರೆ ಮನುಷ್ಯರಿಗೆ ಹೇಳಿದಾಗ ಇನ್ನೇನು.

ಜೂನ್ ೧೧, ಬುಧವಾರ

ಕರೆದುಕೊಂಡು ಬಂದೆ.

ಆಸ್ಪತ್ರೆಯವರು “ಇನ್ನು ಇಲ್ಲಿ ಇಟ್ಕೊಂಡು ಮಾಡೋದೇನಿಲ್ಲ, ಮನೆಗೆ ಕರ್ಕೊಂಡು ಹೋಗಿ” ಎಂದರಂತೆ. ಆ ಮಾತಿನ ಅರ್ಥ ಯಾರಿಗೆ ತಿಳಿಯುವುದಿಲ್ಲ. ಪುಟ್ಟಿ ಇರುವುದು ಇನ್ನೂ ಮೂವರ ಜೊತೆ ಒಂದು ಹಾಸ್ಟೆಲ್ ರೂಮಿನಲ್ಲಿ. ಅವಳ ಅಮ್ಮನ ಸ್ವಂತ ಮನೆ ಹಿಟ್ಟಿನ ಗಿರಣಿಯ ಹಿಂದಿನದು. ಗಂಡ ಹೋದ ಮೇಲೂ ಅವಳೊಬ್ಬಳೇ ಗಿರಣಿ ನಡೆಸಿದವಳು. ಅಲ್ಲಿ ಗೋಡೆ ತಟ್ಟಿದರೂ ಹಿಟ್ಟಿನ ಧೂಳು ಉದುರುತ್ತದೆ, ಅದರಿಂದಲೇ ಶ್ವಾಸಕೋಶ ಹೀಗಾದದ್ದು, ಅಲ್ಲಿಗೆ ಕಾಲಿಡಕೂಡದು ಎಂದಿದ್ದಾರೆ. ಉಳಿದದ್ದು ನಮ್ಮ ಮನೆ. ಒಂದು ಹಾಲು, ಒಂದು ರೂಮು, ಮೂರನೇ ಮಹಡಿ.

ಮೆಟ್ಟಿಲು ಹತ್ತುವಷ್ಟರಲ್ಲಿ ಅವಳ ತುಟಿ ನೀಲಿಯಾಯಿತು. ಗಿರಣಿಯ ಸದ್ದನ್ನು ಮೀರಿ ಮಾತಾಡಿ ಮಾತಾಡಿ ಇವಳ ಗಂಟಲು ಬೀದಿಯ ಆ ತುದಿಗೆ ಕೇಳುತ್ತಿತ್ತು. ಈಗ ಒಂದು ವಾಕ್ಯಕ್ಕೆ ಎರಡು ಕಡೆ ನಿಲ್ಲುತ್ತಾಳೆ.

“ನಿಮ್ಮ ಮನೆ... ಚೆನ್ನಾಗಿದೆ,” ಎಂದಳು ಬಾಗಿಲಲ್ಲಿ. ನೆಂಟರು ಹೇಳುವ ಮಾತು. ನಾನು ಚಪ್ಪಲಿ ಅಲ್ಲೇ ಬಿಡು ಎಂದೆ.

ಜೂನ್ ೧೪, ಶನಿವಾರ

ಮಂಚ ಅವಳಿಗೆ, ನೆಲ ನನಗೆ. ನಮ್ಮವರು ಮನೆಯಲ್ಲಿದ್ದ ದಿನ ಸೋಫಾ ಅವರಿಗೆ. ಅವರು ಕಾಲು ಹೊರಗೆ ಚಾಚಿಕೊಂಡು “ಬಸ್ಸಿನಲ್ಲೇ ಮಲಗಿದ ಹಾಗಿದೆ, ಏನೂ ವ್ಯತ್ಯಾಸ ಗೊತ್ತಾಗ್ತಿಲ್ಲ” ಎನ್ನುತ್ತಾರೆ. ನನಗೆ ಸೊಂಟ ಗೊತ್ತಾಗುತ್ತಿದೆ.

ಅವಳು ಅಂಗಾತ ಮಲಗುವಂತಿಲ್ಲ, ದಿಂಬು ಜೋಡಿಸಿ ಕೂರಿಸಬೇಕು. ಮದ್ದಿನ ಪಂಪನ್ನು ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸಬೇಕು. ಸೂಪು ಬಿಸಿ ಇದ್ದರೆ ಆವಿಗೆ ಕೆಮ್ಮು, ಆರಿದ್ದರೆ ಬೇಡ. ನಾನು ಇವೆಲ್ಲ ಮಾಡಿ ಲ್ಯಾಬಿಗೆ ಓಡುತ್ತೇನೆ. ಕೆಳಮನೆಯಾಕೆ ಮಧ್ಯಾಹ್ನ ಒಂದು ಸಲ ಹತ್ತಿ ಬಂದು ನೋಡಿಹೋಗುತ್ತಾಳೆ.

ಇಷ್ಟೆಲ್ಲ ಮಾಡುವಾಗ ಅಮ್ಮ ನೆನಪಾಗದೆ ಇರುತ್ತಾಳೆಯೇ? ಅಮ್ಮ ಇದ್ದದ್ದು ಇವಳ ಹತ್ತಿರ. ಫೋನಿನಲ್ಲಿ ಇವಳು ಹೇಳಿದ್ದು ಇಷ್ಟೇ: “ಅಮ್ಮನಿಗೆ ಸ್ವಲ್ಪ ಹುಷಾರಿಲ್ಲ.” ಶೀತಕ್ಕೂ ಅದೇ ಮಾತು, ತಲೆನೋವಿಗೂ ಅದೇ ಮಾತು. ಅದೇ ವಾರ ಅಮ್ಮ ಹೋದಳು. ನಾನು ಹೋಗಿ ನೋಡಿದ್ದು ಮುಚ್ಚಿದ ಕಣ್ಣು. ಆವತ್ತು ಅವಳ ಅಂಗಳದಲ್ಲಿ ನಿಂತು ಅಂದದ್ದೆಲ್ಲ ಅಂದು ಹೊರಟವಳು ಮತ್ತೆ ಆ ಬೀದಿಗೆ ಹೋಗಿಲ್ಲ.

ಇರಲಿ. ಹೋಗುವವಳ ಮೇಲೆ ಇನ್ನೇನು ಹಗೆ.

ಜೂನ್ ೧೮, ಬುಧವಾರ

ಲ್ಯಾಬಿನ ಯಜಮಾನರು ಒಳಗೆ ಕರೆದರು. ಲ್ಯಾಬಿಗೆ ಹೊಸ ಯಂತ್ರ ಬರುತ್ತದಂತೆ. ಬಾಯಿಯ ಚಿತ್ರ ಕಂಪ್ಯೂಟರಿಗೆ ಕೊಟ್ಟರೆ ಹಲ್ಲನ್ನು ಅದೇ ಕೊರೆದು ಕೊಡುತ್ತದೆ. ಕಲಿಯಲು ಒಬ್ಬರನ್ನು ಬೇರೆ ಊರಿಗೆ ಕಳಿಸುತ್ತಾರೆ.

“ನಿಮ್ಮ ಕೈ ನಂಬಿಕೊಂಡೇ ಈ ಲ್ಯಾಬು ನಡೀತಾ ಇರೋದು. ನೀವೇ ಹೋಗಿ. ಬಂದ ಮೇಲೆ ಆ ವಿಭಾಗ ನಿಮ್ಮದೇ.”

ಇಷ್ಟು ವರ್ಷದಲ್ಲಿ ಹೀಗೆ ಒಂದು ಮಾತು ಬಂದದ್ದು ಇದೇ ಮೊದಲು. ಬಾಯಿ ತೆರೆದರೆ ಹ್ಞೂಂ ಎಂದುಬಿಡುತ್ತೇನೆ ಅನ್ನಿಸಿತು. ಮನೆಯಲ್ಲಿ ಹೀಗಿದೆ, ಸಾಧ್ಯವಿಲ್ಲ ಎಂದೆ. ಅವರು ಎರಡು ದಿನ ಯೋಚಿಸಿ ಎಂದರು. ಯೋಚಿಸುವುದೇನು. ನಾನು ಹೋದಾಗಲೇ ಏನಾದರೂ ಆದರೆ? ಅಂಥದ್ದು ಒಂದು ಸಲ ಆಗಿದೆ, ಸಾಕು.

ಅಲ್ಲೇ ಮತ್ತೊಮ್ಮೆ ಆಗುವುದಿಲ್ಲ ಎಂದೆ. ಪಾಲಿಶ್ ಹೋಗುತ್ತಾನೆ. ಖುಷಿಯಲ್ಲಿ ಎಲ್ಲರಿಗೂ ಚಹಾ ಕೊಡಿಸಿದ. ನನ್ನದು ಆರಿಹೋಯಿತು.

ಜೂನ್ ೨೨, ಭಾನುವಾರ

ಸುಸ್ತು. ಇವತ್ತು ಬರೆಯಲು ಇದೊಂದೇ ಪದ ಇದೆ.

ಜೂನ್ ೨೭, ಶುಕ್ರವಾರ

ಮಧ್ಯಾಹ್ನ ರಜೆ ಹಾಕಿ ಬಂದು ಅವಳ ತಲೆಗೆ ನೀರು ಹಾಕಿದೆ. ಸ್ಟೂಲಿನ ಮೇಲೆ ಕೂರಿಸಿ ಹಿಂದಿನಿಂದ ಹಿಡಿದುಕೊಂಡೆ. ಬೆನ್ನು ಇಷ್ಟು ಸಣ್ಣಗಾಗಿದೆಯೇ? ಹಿಟ್ಟಿನ ಮೂಟೆ ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದ ಬೆನ್ನು ಅದು. ಕೂದಲು ಒರೆಸುತ್ತ, ಹೇಳಲೇಬೇಕಾದದ್ದನ್ನು ಇವತ್ತೇ ಹೇಳಿಬಿಡೋಣ ಎಂದುಕೊಂಡೆ. ತಡವಾದರೆ ಆಮೇಲೆ ಕೊರಗುವವಳು ನಾನೇ.

“ಅಮ್ಮನ ವಿಷಯ ಮನಸ್ಸಿನಲ್ಲಿ ಇಟ್ಕೋಬೇಡ. ನನಗೆ ಈಗ ಏನೂ ಇಲ್ಲ.”

ಅವಳು ಕತ್ತು ತಿರುಗಿಸಿ ನೋಡಿದಳು. “ನಿಜವಾಗ್ಲೂ?”

“ನಿಜವಾಗ್ಲೂ.”

ಅದು ನಿಜವಾಗಿರಲಿಲ್ಲ. ಎದೆಯೊಳಗೆ ಆ ಸಿಟ್ಟು ಇದ್ದಲ್ಲೇ ಇತ್ತು. ಆದರೆ ಹೇಳಿದ್ದು ಒಳ್ಳೆಯದಾಯಿತು. ಅವಳು ಏನನ್ನೋ ಹೇಳಲು ಹೊರಟು ಸುಮ್ಮನಾದಳು. ಉಸಿರು ಸಾಲದೆ ಇರಬೇಕು.

ಜುಲೈ ೩, ಗುರುವಾರ

ಕೆಲಸ ಮುಗಿಯದೆ ಹಲ್ಲು ಜೋಡಿಸಿದ ಒಂದು ತಟ್ಟೆ ಮನೆಗೇ ತಂದೆ. ಹಾಲಿನಲ್ಲಿ ಕೂತು ಮೇಣ ಕೆರೆಯುತ್ತಿದ್ದರೆ ಅವಳು ಗೋಡೆ ಹಿಡಿದುಕೊಂಡು ತಾನೇ ಎದ್ದು ಬಂದಳು.

“ಇದ್ಯಾರ ಹಲ್ಲು?”

“ಒಬ್ಬ ವಕೀಲರದ್ದು.”

“ಸ್ವಲ್ಪ ಮೊಂಡು ಮಾಡಿ ಕೊಡೇ. ಜನ ಉಳ್ಕೊಳ್ಳಲಿ.”

ಮೇಣದ ಚಾಕು ಕೈಜಾರುವಷ್ಟು ನಗು ಬಂತು. ಅವಳೂ ನಕ್ಕು ಕೆಮ್ಮಿದಳು. ಕೆಮ್ಮಿ ಮುಗಿದ ಮೇಲೆ ಮತ್ತೆ ನಕ್ಕಳು. ನಮ್ಮವರು ಒಳಗೆ ಬಂದವರು ಇಬ್ಬರ ಮುಖವನ್ನೂ ನೋಡಿ, ಮನೆ ತಪ್ಪಿ ಬಂದೆನೇ ಎಂದು ಬಾಗಿಲಿನ ನಂಬರು ನೋಡುವ ಹಾಗೆ ನಾಟಕ ಮಾಡಿದರು.

ಒಂದು ವಾರದಿಂದ ಅಕ್ಕ ಎರಡು ತುಂಡು ಬ್ರೆಡ್ಡು ಹೆಚ್ಚಿಗೆ ತಿನ್ನುತ್ತಿದ್ದಾಳೆ. ಕಿಟಕಿಯಿಂದ ಕೆಳಮನೆಯಾಕೆಯ ಜೊತೆ ಕೂಗಿ ಮಾತಾಡುತ್ತಾಳೆ. ಕೂಗುವುದು ಎಂದರೆ ಹಳೆಯ ಕೂಗಿನ ಕಾಲು ಭಾಗ. ಕೆಳಮನೆಯಾಕೆ ನನ್ನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿ, “ಕೊನೆಗೆ ಹೀಗೇ ಒಂದು ಸಲ ಚೇತರಿಸ್ಕೊಂಡ ಹಾಗೆ ಕಾಣ್ತಾರಮ್ಮ. ಗಟ್ಟಿಯಾಗಿರು” ಎಂದಳು. ಸಂಜೆಯಿಂದ ಎರಡು ಸಲ ಹೋಗಿ ಅವಳ ಉಸಿರು ನೋಡಿ ಬಂದೆ.

ಜುಲೈ ೧೦, ಗುರುವಾರ

ಬರೆಯಲು ಕೂತರೂ ಕೈ ಓಡುತ್ತಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಅಕ್ಕನನ್ನು ತೋರಿಸಲು ಕರೆದುಕೊಂಡು ಹೋಗಿದ್ದೆ. ಎದೆಯ ಡಾಕ್ಟರು ಪುಟ್ಟ ಹೆಂಗಸು, ಕುರ್ಚಿಯಲ್ಲಿ ಕೂತರೆ ಕಾಲು ನೆಲಕ್ಕೆ ಮುಟ್ಟುವುದಿಲ್ಲ. ಅಕ್ಕನಿಗೆ ಒಂದು ಕೊಳವೆಯೊಳಗೆ ಊದಿಸಿದರು, ಚೆನ್ನಾಗಿ ಊದಿದಿರಿ ಎಂದರು. ಉಸಿರು ಸಿಕ್ಕಿಕೊಂಡಾಗ ಮೂಗಿನಿಂದ ಎಳೆದು ತುಟಿ ಚೂಪು ಮಾಡಿ ನಿಧಾನ ಬಿಡಬೇಕು ಎಂದು ಮಾಡಿ ತೋರಿಸಿದರು. ಆಮೇಲೆ ಅಕ್ಕ ಹೊರಗಿನ ಬೆಂಚಿಗೆ ಹೋದಳು. ನಾನು ಬಾಗಿಲು ಮುಂದೆ ಮಾಡಿ, ಇಷ್ಟು ದಿನ ಕೇಳದೆ ಇದ್ದದ್ದನ್ನು ಕೇಳಿದೆ.

“ಇನ್ನೆಷ್ಟು ದಿನ ಡಾಕ್ಟ್ರೇ?”

“ಯಾವುದು?”

“ಅಕ್ಕ. ಇನ್ನೆಷ್ಟು ದಿನ ಇರ್ತಾಳೆ?”

ಅವರು ಪೆನ್ನು ಕೆಳಗಿಟ್ಟರು. “ಹಾಗಂತ ಯಾರು ಹೇಳಿದ್ರು ನಿಮಗೆ?”

“ನೀವೇ ಕ್ರಾನಿಕ್ ಅಂದಿದ್ರಂತಲ್ಲ.”

“ಅಯ್ಯೋ, ಕ್ರಾನಿಕ್ ಅಂದ್ರೆ ಜೋರು ಅಂತ ಅಲ್ಲಮ್ಮ. ಬಹಳ ಕಾಲ ಇರೋದು ಅಂತ. ಜ್ವರ ಧುತ್ತಂತ ಬಂದು ಹೋಗುತ್ತಲ್ಲ, ಅದು ಬೇರೆ. ಇದು ನಿಧಾನ ಬಂದು ಕೂತ್ಕೊಳ್ಳೋದು. ಪೂರ್ತಿ ಹೋಗಲ್ಲ. ಆದ್ರೆ ಔಷಧಿ ತಗೊಂಡು, ಧೂಳಿಗೆ ಹೋಗದೆ ಇದ್ರೆ ಇದರ ಜೊತೆ ಎಷ್ಟೋ ವರ್ಷ ಬಾಳಿದವರು ಇದಾರೆ.”

“ಮನೆಗೆ ಕರ್ಕೊಂಡು ಹೋಗಿ ಅಂದ್ರಲ್ಲ?”

“ಸುಧಾರಿಸಿದಾರೆ, ಅದಕ್ಕೆ ಅಂದೆ.” ಅವರು ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು. “ಜನ ಆ ಪದವನ್ನ ಹಾಗೇ ತಿಳ್ಕೊತಾರೆ ಅಂತಾನೇ ನಾನು ಬಿಡಿಸಿ ಹೇಳೋದು. ಮಗಳು ಪೂರ್ತಿ ಕೇಳೋಕೆ ಮುಂಚೆನೇ ಅಳ್ತಾ ಹೊರಗೆ ಹೋದ್ರು. ನಿಮ್ಮ ಅಕ್ಕನಿಗೆ ಪೂರ್ತಿ ವಿವರಿಸಿದ್ದೆ. ಅವರು ಚೆನ್ನಾಗಿ ಅರ್ಥ ಮಾಡ್ಕೊಂಡ್ರು. ಹೇಳ್ಲಿಲ್ವಾ?”

ಹೊರಗೆ ಬಂದೆ. ಅಕ್ಕ ಬೆಂಚಿನ ಮೇಲೆ ಕೂತು ಮುಖ ಸೊಟ್ಟ ಮಾಡಿ ಪಕ್ಕದ ಮಗುವನ್ನು ನಗಿಸುತ್ತಿದ್ದಳು. ನನ್ನನ್ನು ನೋಡಿದ ಕೂಡಲೇ ನಿಲ್ಲಿಸಿದಳು. ಅವಳಿಗೆ ಗೊತ್ತಾಯಿತು. ದಾರಿಯುದ್ದಕ್ಕೂ ಇಬ್ಬರೂ ಕಿಟಕಿಯ ಹೊರಗೆ ನೋಡಿದೆವು, ಅವಳು ಆ ಕಡೆ, ನಾನು ಈ ಕಡೆ.

ಬದುಕುತ್ತಾಳೆ ಎಂದು ಕೇಳಿದಾಗ ಮೊದಲು ಬಂದದ್ದು ಸಂತೋಷವೇ. ಇಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅದು ಬಾಗಿಲಿನಿಂದ ಬೆಂಚಿನವರೆಗೂ ಉಳಿಯಲಿಲ್ಲ.

ಜುಲೈ ೧೧, ಶುಕ್ರವಾರ

ಸೂಪು ಇಟ್ಟೆ, ಪಂಪು ಇಟ್ಟೆ, ಹೊರಟೆ.

ಪಾಲಿಶ್ ಹೊಸ ಯಂತ್ರದ ಪಕ್ಕ ನಿಂತ ಫೋಟೊ ಕಳಿಸಿದ್ದಾನೆ. ಬಿಳಿ ಕೋಟು, ಕೊರಳಲ್ಲಿ ಬಿಲ್ಲೆ. ಅವನಿಗೆ ಕ್ರಾನಿಕ್ ಪದದ ಅರ್ಥ ತಿಳಿಸಿ ಒಂದು ಮೆಸೇಜು ಬರೆದೆ. ಆಮೇಲೆ ಅಳಿಸಿದೆ. ಅವನ ಮಾವ ಸತ್ತದ್ದಂತೂ ನಿಜ.

ಪುಟ್ಟಿಗೆ ಫೋನು ಮಾಡಿ ಹೇಳಿದೆ. ಅವಳು ಖುಷಿಗೆ ಅತ್ತಳು. ಅಮ್ಮನಿಗೆ ಮೊದಲೇ ಗೊತ್ತಿತ್ತು ಎಂದು ಹೇಳಲಿಲ್ಲ. ಅದು ನಮ್ಮಿಬ್ಬರ ಮಧ್ಯದ್ದು.

ನಮ್ಮವರು ಊಟಕ್ಕೆ ಕೂತಾಗ ಡಾಕ್ಟರ ಮಾತನ್ನೆಲ್ಲ ಕೇಳಿಸಿಕೊಂಡರು. “ಬಹಳ ಕಾಲದಿಂದ ಕೂತಿರೋದು, ಹೋಗದೆ ಇರೋದು ಅಂತ ತಾನೇ? ಹಾಗಾದ್ರೆ ಕ್ರಾನಿಕ್ ಆಗಿರೋದು ನಿಮ್ಮಿಬ್ಬರ ಜಗಳ” ಎಂದರು. ನಾನು ನಗಲಿಲ್ಲ. ಅವರು ತಟ್ಟೆ ತಾವೇ ತೊಳೆದಿಟ್ಟರು.

ಜುಲೈ ೧೩, ಭಾನುವಾರ

ಬಟ್ಟೆ ಮಡಚುತ್ತಿದ್ದೆ. ಅಕ್ಕ ಬಂದು ಎದುರು ಕೂತು ಟವೆಲು ಎತ್ತಿಕೊಂಡಳು. ನಾನು ಕಿತ್ತುಕೊಂಡೆ.

“ಯಾಕೆ ಹೇಳಲಿಲ್ಲ?” ಎಂದೆ. “ನನ್ನ ಸೊಂಟ ಹೋಯ್ತು. ಲ್ಯಾಬಲ್ಲಿ ನನಗೆ ಬಂದದ್ದು ಬೇರೆಯವನ ಪಾಲಾಯ್ತು. ನೀನು ಇವತ್ತೋ ನಾಳೆಯೋ ಅಂತ ದಿನಾ ಬಾಗಿಲು ತೆಗೆಯೋಕೆ ಮುಂಚೆ ಹೊರಗೆ ನಿಂತು ಕೆಮ್ಮು ಕೇಳುತ್ತಾ ಅಂತ ಕಿವಿಗೊಟ್ಟು ಒಳಗೆ ಬಂದಿದೀನಿ. ನಿನಗೆ ಎಲ್ಲಾ ಗೊತ್ತಿತ್ತು.”

“ಗೊತ್ತಿತ್ತು.”

“ಮತ್ತೆ?”

“ನೀನು ಬಂದಿದ್ದೆ.” ಉಸಿರು ತೆಗೆದುಕೊಂಡಳು. “ಆಸ್ಪತ್ರೆ ಬಾಗಿಲಲ್ಲಿ ನಿನ್ನ ನೋಡಿದೆ. ಅದೇನು ಅಷ್ಟೊಂದು ಕಾಯಿಲೆ ಅಲ್ಲ ಅಂದಿದ್ರೆ... ನೀನು ಅಲ್ಲಿಂದಾನೇ ವಾಪಸ್ ಹೋಗ್ತಿದ್ದೆ.”

“ಅಮ್ಮನಿಗೆ ಅಂಥದ್ದಾದಾಗ ಸ್ವಲ್ಪ ಅಂದೆ. ನಿನಗೆ ಸ್ವಲ್ಪ ಆದಾಗ ಬಾಯಿ ಮುಚ್ಕೊಂಡು ಕೂತೆ.”

ಆಗ ಅವಳಿಗೆ ಹಳೆಯ ಗಂಟಲು ಎಲ್ಲಿಂದಲೋ ಬಂತು. “ಅಮ್ಮನ ಡಾಕ್ಟರು ನನಗೆ ಹೇಳಿದ್ದೂ ಅಷ್ಟೇ! ಜ್ವರ, ಇಳಿಯುತ್ತೆ ಅಂದ್ರು. ನಾನು ನಿನಗೆ ಅದನ್ನೇ ಹೇಳಿದೆ. ನೀನು ಏನಂದೆ, ನೆನಪಿದೆಯಾ? ಹಾಗಾದ್ರೆ ತಿಂಗಳ ಕೊನೇಲಿ ಬರ್ತೀನಿ ಅಂದೆ. ಅಮ್ಮ ಪಕ್ಕದಲ್ಲೇ ಇದ್ರು. ‘ಬಲವಂತ ಮಾಡಬೇಡ, ಅವಳಿಗೆ ಕೆಲಸ ಇರುತ್ತೆ’ ಅಂದ್ರು. ನನಗೂ ಗೊತ್ತಿರಲಿಲ್ಲ ಕಣೇ. ನಾನೇನು ಮುಚ್ಚಿಟ್ಟೆ? ನನ್ನ ಅಂಗಳದಲ್ಲಿ ನಿಂತು ಎಲ್ಲರ ಎದುರಿಗೆ...”

ಅಲ್ಲಿಗೆ ಉಸಿರು ನಿಂತುಹೋಯಿತು. ಮೇಜು ಹಿಡಿದು ಬಾಗಿದಳು. ಪಂಪು ಕೊಟ್ಟೆ, ಬೆನ್ನು ಹಿಡಿದೆ. ಬಹಳ ಹೊತ್ತಿನ ಮೇಲೆ ಸರಿಹೋಯಿತು.

ಉಳಿದ ಬಟ್ಟೆ ಮಡಚಿ ಇಟ್ಟೆ. ನೀಲಿ ಹೊದಿಕೆ ಒಂದು ಕಡೆ ಹರಿದಿದೆ, ಹೊಲಿಯಬೇಕು. ಇವತ್ತಿಗೆ ಇಷ್ಟೇ.

ಜುಲೈ ೧೬, ಬುಧವಾರ

ನಾನು ಬರುವಷ್ಟರಲ್ಲಿ ಅಕ್ಕ ಚೀಲ ತುಂಬಿಕೊಂಡು ಸೀರೆ ಬದಲಿಸಿ ಕೂತಿದ್ದಳು. ಪುಟ್ಟಿ ಊರಾಚೆ ಹೆಂಗಸರ ವಸತಿಗೃಹವೊಂದರಲ್ಲಿ ನೆಲಮಹಡಿಯ ರೂಮು ಹುಡುಕಿದ್ದಾಳೆ. ಊಟ ಅಲ್ಲೇ, ಒಬ್ಬಳು ನರ್ಸು ಬಂದು ಹೋಗುತ್ತಾಳೆ. ಟ್ಯಾಕ್ಸಿ ಕೆಳಗೆ ನಿಂತಿತ್ತು.

“ಚಿಕ್ಕಮ್ಮ, ನಿಮಗೂ ಎಷ್ಟು ದಿನ ಅಂತ ತೊಂದರೆ,” ಎಂದಳು ಪುಟ್ಟಿ. ಮತ್ತೆ ಅದೇ ಕೌಂಟರಿನ ಧಾಟಿ.

ಸರಿ ಎಂದೆ. ಸರಿಯೇ ತಾನೇ. ಚೀಲ ಪುಟ್ಟಿ ಹಿಡಿದಳು, ಅಕ್ಕನನ್ನು ನಾನು ಹಿಡಿದೆ. ಒಂದು ಮಹಡಿ ಇಳಿದು ಇನ್ನರ್ಧ ಇಳಿಯುವಷ್ಟರಲ್ಲಿ ಅವಳಿಗೆ ಆಗಲಿಲ್ಲ. ಮೆಟ್ಟಿಲ ಮೇಲೆ ಕೂತುಬಿಟ್ಟಳು. ಇಳಿಯುವುದರಿಂದಲ್ಲ, ಮೂರು ದಿನದಿಂದ ಸರಿಯಾಗಿ ತಿಂದಿಲ್ಲ, ನಾನೂ ವಿಚಾರಿಸಿಲ್ಲ. ಪಕ್ಕದಲ್ಲಿ ಕೂತೆ. “ಮೂಗಿಂದ ಎಳ್ಕೋ, ತುಟಿ ಚೂಪು ಮಾಡು, ನಿಧಾನ” ಎಂದೆ. ಅವಳು ಊದಿದಳು. ತೋರಿಸಿಕೊಡಲು ನಾನೂ ಊದಿದೆ. ಮೆಟ್ಟಿಲು ಹತ್ತಿ ಬಂದ ಯಾರೋ ನಮ್ಮಿಬ್ಬರನ್ನೂ ವಿಚಿತ್ರವಾಗಿ ನೋಡಿ ಗೋಡೆಗೆ ಒತ್ತಿಕೊಂಡು ದಾಟಿ ಹೋದರು. ಕೆಳಗೆ ಟ್ಯಾಕ್ಸಿಯವನು ಹಾರ್ನ್ ಒತ್ತಿದ.

ಅಕ್ಕ ಮೊಣಕಾಲ ಮೇಲೆ ಕೈಯಿಟ್ಟು, “ಇಳಿದದ್ದು ಅರ್ಧ,” ಎಂದಳು. “ಇನ್ನು ಇಳಿಯೋದೋ, ಹತ್ತೋದೋ, ನೀನೇ ಹೇಳಿಬಿಡು. ನನಗೆ ಎರಡೂ ಅಷ್ಟೇ ಕಷ್ಟ.”

ಅವಳು ನನ್ನ ಮುಖ ನೋಡಲಿಲ್ಲ. ಕೆಳಗಿನ ಬಾಗಿಲು ನೋಡುತ್ತಿದ್ದಳು.

“ಹತ್ತು” ಎಂದೆ.

ಇಳಿದಿದ್ದರೆ ಟ್ಯಾಕ್ಸಿಯಲ್ಲಿ ಊರಾಚೆಯವರೆಗೆ ಕುಲುಕಿಕೊಂಡು ಹೋಗಬೇಕಿತ್ತು, ಆ ಸ್ಥಿತಿಯಲ್ಲಿ ಆಗುತ್ತಿರಲಿಲ್ಲ. ಅದಕ್ಕೆ ಹಾಗಂದೆ. ಪುಟ್ಟಿ ಕೆಳಗೆ ಹೋಗಿ ಟ್ಯಾಕ್ಸಿಯವನ ಕೈಲಿ ಬೈಸಿಕೊಂಡು ಬಂದಳು. ಹತ್ತುವಾಗ ಮೂರು ಕಡೆ ಕೂತೆವು. ಮೇಲೆ ಬಂದು ಮೊದಲು ಬ್ರೆಡ್ಡು ಕಾಯಿಸಿ ಕೊಟ್ಟೆ, ಎದುರಿಗೇ ಕೂತು ತಿನ್ನಿಸಿದೆ.

“ತಿಂಗಳ ಕೊನೇಲಿ ಬರ್ತೀನಿ ಅಂದಿದ್ದು ಹೌದು,” ಎಂದೆ.

ಅವಳು ಅಗಿಯುವುದನ್ನು ನಿಲ್ಲಿಸಿ, “ಬೆಣ್ಣೆ ಇಲ್ವಾ?” ಎಂದಳು.

ಜುಲೈ ೨೦, ಭಾನುವಾರ

ತಲೆನೋವು. ಬಟ್ಟೆ ಒಗೆಯುವುದು ರಾಶಿ ಬಿದ್ದಿದೆ. ಪಾಲಿಶ್ ನಾಳೆ ಬರುತ್ತಾನೆ. ಯಂತ್ರ ನಡೆಸುವುದನ್ನು ನನಗೂ ಹೇಳಿಕೊಡುತ್ತೇನೆ ಎಂದಿದ್ದಾನೆ. ಅವನ ಕೈಲಿ ಕಲಿಯಬೇಕಾಯಿತಲ್ಲ ಎಂದು ಒಂದು ಗಳಿಗೆ ಅನ್ನಿಸಿತು. ಕಲಿಯುತ್ತೇನೆ.

ನೆಲದ ಮೇಲೆ ಮಲಗಿ ಇನ್ನು ಸಾಧ್ಯವಿಲ್ಲ. ಮಧ್ಯಾಹ್ನ ಪೀಠೋಪಕರಣದ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಕಬ್ಬಿಣದ್ದೊಂದು ಮಡಚುವ ಮಂಚ ಬಿಡಿಸಿ ತೋರಿಸಿದ. ಹಗುರ, ಚಕ್ರವೂ ಇದೆ. “ಇದು ತಗೊಳ್ಳಿ ಮೇಡಂ. ಕೆಲಸ ಮುಗಿದ ಮೇಲೆ ಮಡಚಿ ಬಾಗಿಲ ಹಿಂದೆ ನಿಲ್ಲಿಸಬಹುದು.”

ಅದರ ಮೇಲೆ ಕೂತು ನೋಡಿದೆ. ಕಿರುಗುಟ್ಟಿತು. ಆ ಕಡೆ ಇದ್ದ ಮರದ್ದನ್ನು ಕೇಳಿದೆ. ತಲೆಯ ಕಡೆ ಎತ್ತರದ ಹಲಗೆ ಇದೆ, ಒರಗಿ ಕೂರಲು ಆಗುತ್ತದೆ.

“ಅದು ಭಾರ. ಒಂದು ಸಲ ಒಳಗೆ ಹಾಕಿದ್ರೆ ಆಚೆ ತೆಗೆಯೋದು ಕಷ್ಟ,” ಎಂದ. “ಪೇಷೆಂಟಿಗಾ?”

“ಅಲ್ಲ. ನಮ್ಮಕ್ಕನಿಗೆ.”

ನಾಳೆ ಸಂಜೆ ತಂದು ಹಾಕುತ್ತಾರಂತೆ. ಬೀರುವನ್ನು ಆ ಗೋಡೆಗೆ ಸರಿಸಿ ಜಾಗ ಮಾಡಬೇಕು. ನಮ್ಮವರು ಬೆಳಿಗ್ಗೆ ಬರುತ್ತಾರೆ, ಅವರ ಕೈಲಿ ಹಿಡಿಸಿದರಾಯಿತು.